ತಪ್ಪು ನಮ್ಮತ್ತೆಯವರ ನಾಲಿಗೆಯದಲ್ಲ

ಕಳೆದ ದೀಪಾವಳಿಗೆ ನಮ್ಮ ಧಾರವಾಡದ ಮನೆಗೆ ಹೇಳಿದ ಮಾತು ಕೇಳುವ ಸ್ಪೀಕರ್ ಬಂತು. ಉಪ್ಪಿನಕಾಯಿ ಭರಣಿಯಷ್ಟು ಗಾತ್ರದ ವಸ್ತು. ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಎಂಟನೆಯ ತರಗತಿಯ ನನ್ನ ಮಗ ಅದನ್ನು ಹೆಸರು ಹಿಡಿದು ಕರೆದ, ಇಂಗ್ಲಿಷಿನಲ್ಲಿ ಹವಾಮಾನ ಕೇಳಿದ, ಹಾಡು ಹಾಕಿಸಿದ. ನಾವೆಲ್ಲ ಬೆರಗಾದೆವು. ಆಮೇಲೆ 78 ವರ್ಷದ ನಮ್ಮತ್ತೆಯವರ ಸರದಿ. ಪಕ್ಕದ ಮನೆಯ ಹುಡುಗಿಗೆ ಹೇಳುವಷ್ಟೇ ಅಕ್ಕರೆಯಿಂದ ಅವರು, "ಒಂದೀಟು ದಾಸರ ಪದಾ ಹಚ್ಚವಾ ನಮ್ಮವ್ವಾ" ಅಂದರು.

ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಮತ್ತೆ ಹೇಳಿದರು, ಮತ್ತೆ ಕ್ಷಮೆ. ಮೂರನೆಯ ಸಲ ಯಾವುದೋ ಹಿಂದಿ ಸಿನಿಮಾ ಹಾಡು ಶುರುವಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. "ಅಜ್ಜಿ, ನಿನ್ನ ಮಾತು ಸ್ಪಷ್ಟ ಇಲ್ಲ, ಅದಕ್ಕ ತಿಳೀವಲ್ದು" ಎಂದ ಮಗ.

ಮರುದಿನ ದೇವರ ಮನೆಯಲ್ಲಿ ಅತ್ತೆಯವರು ಬತ್ತಿ ಹೊಸೆಯುತ್ತ ಏನೋ ಗುಣುಗುಣಿಸುತ್ತಿದ್ದರು. ಸ್ತೋತ್ರವೆಂದುಕೊಂಡೆ. ಹತ್ತಿರ ಹೋದರೆ, "ಪಿಲೇ... ಪ್ಲೇ ಪುರಂದರದಾಸಾ" ಎಂದು ಅಭ್ಯಾಸ ಮಾಡುತ್ತಿದ್ದರು. ನನಗೆ ಹಿಂದಿನ ದಿನದ ನಗುವಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು.

ಈ ಯಂತ್ರಕ್ಕೆ ಮಾತು 'ತಿಳಿಯುತ್ತದೆ' ಎನ್ನುತ್ತೇವಲ್ಲ, ಅಲ್ಲೇ ನಾವು ಮೋಸ ಹೋಗುವುದು. ಅದರೊಳಗಿನ ಮೈಕುಗಳು ಸದಾ ಕಿವಿ ತೆರೆದುಕೊಂಡು ತನ್ನ ಹೆಸರಿಗಾಗಿ ಕಾಯುತ್ತವೆ. ಹೆಸರು ಕೇಳಿಸಿದೊಡನೆ ಮುಂದಿನ ಮಾತನ್ನು ಸಾಮಾನ್ಯವಾಗಿ ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರುಗಳಿಗೆ ಕಳಿಸುತ್ತದೆ. ಅಲ್ಲಿ, ಈ ಸದ್ದು ಯಾವ ಶಬ್ದವಿರಬಹುದು, ಇದರ ಹಿಂದೆ ಯಾವ ಶಬ್ದ ಬರುವ ಸಂಭವವಿದೆ ಎಂದು ಲೆಕ್ಕ ಹಾಕಿ, ಆ ಮಾತು ಹಾಡಿಗೋ ಗಡಿಯಾರಕ್ಕೋ ಹವಾಮಾನಕ್ಕೋ ಸಂಬಂಧಿಸಿದ್ದೆಂದು ಊಹಿಸಿ ಉತ್ತರ ಕಳಿಸುತ್ತಾರೆ. ಎಲ್ಲವೂ ಊಹೆ. ಆ ಊಹೆಗೆ ಆಧಾರ, ಮೊದಲೇ ಕೂಡಿಟ್ಟು ಕಲಿಸಿದ ಸಾವಿರಾರು ಗಂಟೆಗಳ ಜನರ ಮಾತು. ಯಾರ ಮಾತು ಕಲಿಸಿದರೋ ಅವರದ್ದು ತಿಳಿಯುತ್ತದೆ. ಕಲಿಸದವರ ಮಾತು ಬರೀ ಸದ್ದು.

ಇದು ಕನ್ನಡಕ್ಕೆ ಮಾತ್ರ ಬಂದ ಗತಿಯಲ್ಲ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾತನ್ನು ಅಕ್ಷರಕ್ಕಿಳಿಸುವ ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಸರಾಸರಿಯಲ್ಲಿ ಬಿಳಿಯರ ಮಾತಿನ 100 ಶಬ್ದಗಳಲ್ಲಿ 19 ತಪ್ಪಾದರೆ, ಕರಿಯರ ಮಾತಿನಲ್ಲಿ 35 ತಪ್ಪಾದವು. ಇಬ್ಬರದೂ ಇಂಗ್ಲಿಷೇ, ಇಬ್ಬರೂ ಹುಟ್ಟಿನಿಂದ ಆಡಿದ ಮಾತೇ. ಹಾಗಾದರೆ ದೋಷ ನಾಲಿಗೆಯದೋ, ಕಿವಿಯದೋ?

ನಮ್ಮಲ್ಲಿಗೆ ಬನ್ನಿ. ಅಮೆಜಾನಿನ ಸ್ಪೀಕರ್ 2017ರಲ್ಲಿ ಇಂಡಿಯಾಕ್ಕೆ ಬಂದಾಗ ಇಂಗ್ಲಿಷು, 2019ರಲ್ಲಿ ಹಿಂದಿ ಕಲಿಯಿತು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಕನ್ನಡ ಕಲಿಸಲಿಕ್ಕೆ ಬರುವುದೇ ಇಲ್ಲವೆನ್ನುವಂತಿಲ್ಲ. ಕನ್ನಡದಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ಫೋನಿಗೆ ತಂದಿತ್ತು. ಕಲಿಸಬಹುದು. ಕಲಿಸುವ ಖರ್ಚು ಯಾರಿಗಾಗಿ ಮಾಡಬೇಕು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ಮಾತು. ಇಂಥ ಸಹಾಯಕ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಹೆಣ್ಣಿನ ದನಿ ಕೊಟ್ಟು, ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ವಿಧೇಯಳನ್ನಾಗಿ ಮಾಡಿದ್ದಾರೆಂದು 2019ರಲ್ಲಿ ಯುನೆಸ್ಕೋದ ವರದಿಯೇ ಆಕ್ಷೇಪಿಸಿತು. ಹೆಣ್ಣಿನ ದನಿ ಬೇಕು. ಆದರೆ ಅಡಿಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಜಾತ್ರೆಯಲ್ಲಿ ಹೆಣ್ಣುಮಕ್ಕಳು ಆಡಿಕೊಂಡು ಬಂದ ಮಾತು ಬೇಡ. ಇದೆಂಥ ನ್ಯಾಯ?

ಯಂತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಕೈಯೆಲ್ಲ ಹಿಟ್ಟಾಗಿದ್ದಾಗ ಗಳಿಗೆ ನೋಡಿಕೊಳ್ಳಲು ನನಗೂ ಅದು ಬೇಕು. ಕಣ್ಣು ಕಾಣದವರಿಗೆ, ಮಂಡಿನೋವಿನವರಿಗೆ ಅದು ದೊಡ್ಡ ಆಸರೆ. ಆದರೆ ಅತಿ ಹೆಚ್ಚು ಬೇಕಾದವರಿಗೇ ಅದು ಕಿವುಡಾದರೆ?

ಬರೀ ಕನ್ನಡ ಕಲಿಸಿದರೂ ಸಾಲದು. ನಮ್ಮ ಕಡೆ ದೀಪವನ್ನೂ ಹಚ್ಚುತ್ತೇವೆ, ರೇಡಿಯೋವನ್ನೂ ಹಚ್ಚುತ್ತೇವೆ, ಗಾಯಕ್ಕೆ ಎಣ್ಣೆಯನ್ನೂ ಹಚ್ಚುತ್ತೇವೆ. ಪತ್ರಿಕೆಯ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ಅತ್ತೆಯವರ 'ಹಚ್ಚವಾ' ಆಗಲೂ ತಿಳಿಯಲಿಕ್ಕಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಉದ್ಘಾಟಿಸಿದ 'ಭಾಷಿಣಿ' ಯೋಜನೆಯಲ್ಲಿ ಜನರೇ ತಮ್ಮ ದನಿ ಕೊಡುವ 'ಭಾಷಾದಾನ'ದ ಏರ್ಪಾಡು ಮಾಡಿದರು. ಇಂಥಲ್ಲಿ ಓದಿದವರ ದನಿಯಷ್ಟೇ ತುಂಬಿದರೆ ಮತ್ತೆ ಅದೇ ಕಥೆ. ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಮುದುಕಿಯರ ಮಾತೂ ಅಲ್ಲಿ ಸೇರಬೇಕು. ಹಾಗೆಂದು ನಾವೇ ಕೇಳಬೇಕು.

ಅಲ್ಲಿಯತನಕ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇನೆ. ಅಜ್ಜಿಯ ಮಾತು ತಪ್ಪು ಎಂದು ಯಾರೂ ಅನ್ನಬಾರದು. ಅದಕ್ಕೆ ಕನ್ನಡ ಬರುವುದಿಲ್ಲ ಎನ್ನಬೇಕು. ಅತ್ತೆಯವರ ಇಂಗ್ಲಿಷ್ ಅಭ್ಯಾಸ ನಿಂತಿದೆ. ಅವರಿಗೆ ದಾಸರ ಪದ ಬೇಕಾದಾಗ ಮಗನನ್ನು ಕೂಗುತ್ತಾರೆ. ಅವನಿಗೆ ಒಂದೇ ಮಾತಿಗೆ ತಿಳಿಯುತ್ತದೆ.