ನೈಟಿಗೊಂದು ಕಿಸೆ ಇರಲಿ

ಮೂಡುಬಿದಿರೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು ನಾನು. ರವಿಕೆಗಿಂತ ನೈಟಿಯೇ ನನಗೆ ಅನ್ನ ಹಾಕುವುದು. ವೇಣೂರು, ಸಿದ್ದಕಟ್ಟೆ ಕಡೆಯಿಂದ ಬರುವವರು ಬಟ್ಟೆ ಕೊಟ್ಟು, "ಅಕ್ಕ, ಸ್ವಲ್ಪ ಗಿಡ್ಡ ಮಾಡಿ, ಹಟ್ಟಿಯಲ್ಲಿ ಕಾಲಿಗೆ ಸಿಕ್ಕುತ್ತದೆ" ಎನ್ನುತ್ತಾರೆ. ಮಲಗುವುದಕ್ಕೆ ಹೊಲಿಸುವವರ ಮಾತೇ ಇದು?

ಮೊನ್ನೆ ಒಂದು ಕಚೇರಿಯಲ್ಲಿ ನೈಟಿಯಲ್ಲೇ ಹೋಗಿದ್ದ ನನ್ನ ಗಿರಾಕಿಯೊಬ್ಬರಿಗೆ "ಸರಿಯಾದ ಬಟ್ಟೆ ಹಾಕಿಕೊಂಡು ಬನ್ನಿ" ಅಂದರಂತೆ. ಅವರ ಹಿಂದೆಯೇ ಲುಂಗಿ ಎತ್ತಿ ಕಟ್ಟಿದ ಇಬ್ಬರಿದ್ದರು. ಆ ಇಬ್ಬರ ಕೆಲಸ ಸಲೀಸಾಗಿ ಆಯಿತು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ 2018ರಲ್ಲಿ ಊರ ಹಿರಿಯರು ಹಗಲು ನೈಟಿ ತೊಟ್ಟವರಿಗೆ 2,000 ರೂಪಾಯಿ ದಂಡ, ಸುಳಿವು ಕೊಟ್ಟವರಿಗೆ 1,000 ರೂಪಾಯಿ ಬಹುಮಾನ ಎಂದು ಸಾರಿದ್ದರು. ನಮ್ಮಲ್ಲಿ ದಂಡ ಹಾಕುವುದಿಲ್ಲ, ನಗುತ್ತಾರೆ.

ನಗುವವರು ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಬೀಡಿ ಕಟ್ಟುವವರನ್ನು ಒಮ್ಮೆ ನೋಡಲಿ. ಮಡಿಲಲ್ಲಿ ತಡ್ಪೆ (ಮೊರ), ಅದರೊಳಗೆ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ. ಸೀರೆಯಾದರೆ ಸೆರಗು ಹುಡಿಯಲ್ಲಿ ಹೊರಳುತ್ತದೆ, ಚೂಡಿದಾರವಾದರೆ ಶಾಲು. ನೈಟಿಗೆ ಆ ರಗಳೆ ಇಲ್ಲ. ಯಾರಾದರೂ ಅಂಗಳಕ್ಕೆ ಬಂದರೆ ಹೆಗಲಿಗೊಂದು ಬೈರಾಸು ಎಳೆದುಕೊಂಡರಾಯಿತು. ರಬ್ಬರ್ ಟ್ಯಾಪಿಂಗಿಗೆ, ನಾಟಿಗೆ ಹೋಗುವಾಗ ಅದರ ಮೇಲೆಯೇ ಗಂಡನ ಹಳೆ ಅಂಗಿ. ಸೀರೆ ನಮ್ಮ ಸಂಸ್ಕೃತಿ ಎನ್ನುವವರೊಡನೆ ನನಗೆ ಜಗಳವಿಲ್ಲ ಮಾರಾಯ್ರೆ, ಭೂತಕೋಲಕ್ಕೂ ಮದುವೆಗೂ ನಾವು ಉಡುವುದು ಸೀರೆಯನ್ನೇ. ಆಟಿ ತಿಂಗಳ ಮಳೆಯಲ್ಲಿ ಸೆಗಣಿ ಬಾಚುವಾಗ ಅವರೇ ಒಮ್ಮೆ ಉಟ್ಟು ನೋಡಲಿ.

ಹೆಸರಿನಲ್ಲಿ ರಾತ್ರಿ ಇದ್ದರೂ ಇದು ದುಡಿಮೆಯ ಬಟ್ಟೆ. ಹಾಗೆಂದು ಹೊಲಿಯುವವರಿಗೂ ಗೊತ್ತಿರಬೇಕು. ಅಂಗಡಿಗೆ ಬರುವ ಎಷ್ಟೋ ರೆಡಿಮೇಡ್ ನೈಟಿಗಳಿಗೆ ಫ್ರಿಲ್ ಇದೆ, ಲೇಸ್ ಇದೆ, ಕಿಸೆ ಇಲ್ಲ. ಇದ್ದರೂ ಮೊಬೈಲ್ ಅರ್ಧ ಹೊರಗೆ. ಬೀಡಿ ಬ್ರಾಂಚಿನಲ್ಲಿ ಸಿಕ್ಕಿದ ದುಡ್ಡು ಎದೆಯೊಳಗೆ ಬೆವರಿನಲ್ಲಿ ನೆನೆಯುತ್ತದೆ. ತೋಟಕ್ಕೆ ಅಡಿಕೆ ಹೆಕ್ಕಲು ಹೋದವಳು ಬಿದ್ದರೆ ಕರೆ ಮಾಡಲು ಫೋನು ಮನೆಯಲ್ಲಿರುತ್ತದೆ.

ಕಚೇರಿಯವರು ಬಟ್ಟೆ ನೋಡುವುದು ಬಿಟ್ಟು ಅರ್ಜಿ ನೋಡಲಿ. ಟೈಲರುಗಳಾದ ನಾವು ಬಲಬದಿಗೆ ಒಂದು ಆಳದ ಕಿಸೆ ಇಡೋಣ, ಬಾಯಿಗೆ ಎರಡು ಹೊಲಿಗೆ ಹಾಕಿ. ಕಟಿಂಗಿನಲ್ಲಿ ಉಳಿಯುವ ತುಂಡೇ ಅದಕ್ಕೆ ಸಾಕು. ನಾನಂತೂ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.