ಮೂಲೆ ಸೇರಿದ ಜನರೇಟರಿಗೆ ಮರುಜೀವ

ಇನ್ವರ್ಟರ್ ಬಂದ ಮೇಲೆ ಮಲೆನಾಡಿನ ಅದೆಷ್ಟೋ ಒಂಟಿಮನೆಗಳಲ್ಲಿ ಹಳೆಯ ಪೆಟ್ರೋಲ್ ಜನರೇಟರು ಕೊಟ್ಟಿಗೆಯ ಮೂಲೆ ಸೇರಿದೆ. ಅದನ್ನು ಗುಜರಿಗೆ ತೂಗಿಹಾಕುವ ಮುನ್ನ ಯೋಚಿಸಬೇಕು. ಕಬ್ಬಿಣದ ಅದಿರಿಗಾಗಿ ಕುದುರೆಮುಖವನ್ನು 2005ರ ಕೊನೆಯವರೆಗೂ ಅಗೆದದ್ದನ್ನು ಕಂಡವರು ನಾವು. ಒಮ್ಮೆ ಬಗೆದು ತೆಗೆದ ಲೋಹವನ್ನು ಪೂರ್ತಿಯಾಗಿ ದುಡಿಸಿಕೊಳ್ಳುವುದು ನಮ್ಮ ಹೊಣೆ.

ಅನೇಕ ಸಲ ಯಂತ್ರದ ರೋಗ ಸಣ್ಣದೇ ಆಗಿರುತ್ತದೆ. ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರವನ್ನು ಕಟ್ಟಿಬಿಡುತ್ತದೆ. ಅದನ್ನು ಶುಚಿಗೊಳಿಸಿ, ಸ್ಪಾರ್ಕ್ ಪ್ಲಗ್ ಹಾಗೂ ಆಯಿಲ್ ಬದಲಿಸಿದರೆ ಎಂಜಿನ್ ಚಾಲೂ ಆಗಬಹುದು. ಎಂಜಿನ್ ಓಡಿಯೂ ವಿದ್ಯುತ್ ಬಾರದಿದ್ದರೆ ಆಲ್ಟರ್ನೇಟರಿನ ಉಳಿಕೆ ಕಾಂತತ್ವ ಆರಿರಬಹುದು. ನುರಿತ ಎಲೆಕ್ಟ್ರಿಷಿಯನ್ ಅದನ್ನು ಮರಳಿಸಬಲ್ಲರು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ಬದಲಿಸಬೇಕು. ಬಳಕೆಯಿಲ್ಲದಾಗ ಟ್ಯಾಂಕನ್ನು ಬರಿದಾಗಿಡಬೇಕು.

ಉಳಿಸಿದ ಯಂತ್ರ ಜೀವ ತೆಗೆಯಬಾರದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಜೋಡಿಸಿದರೆ, ನಮ್ಮ 230 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹರಿದು 11,000 ವೋಲ್ಟ್ ಆಗಬಲ್ಲದು. ಮಳೆಯಲ್ಲಿ ಕಂಬವೇರಿದ ಲೈನ್‌ಮನ್‌ಗೆ ಅದು ಮೃತ್ಯು. ಮನೆಯೊಳಗೆ ಅಥವಾ ಜಗಲಿಯಲ್ಲಿ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಮಂದಿಯನ್ನೇ ಕೊಲ್ಲಬಹುದು. ಹಳೆಯ ಆಯಿಲ್ ಹಳ್ಳ ಸೇರದೆ, ಡಬ್ಬಿಯಲ್ಲಿ ಗ್ಯಾರೇಜಿಗೆ ಹೋಗಲಿ.

ಮುಂಗಾರಿಗೆ ಮುನ್ನ ಊರಿಗೊಂದು ದಿನ ಗೊತ್ತುಮಾಡಿ, ಬಲ್ಲ ಮೆಕ್ಯಾನಿಕರನ್ನು ಕರೆಸೋಣ. ವಿದ್ಯಾರ್ಥಿಗಳೂ ಜೊತೆಗಿದ್ದು ಕಲಿಯಲಿ.