ನಾಯಿಯನ್ನು ಪಳಗಿಸಲು ಕೋಲೋ, ತುತ್ತೋ?

ವ್ಯವಸಾಯದ ಪತ್ರಿಕೆಗಳಲ್ಲಿ ಎತ್ತು, ಎಮ್ಮೆ, ಕುರಿ, ಕೋಳಿಗಳ ವಿಷಯವಾಗಿ ಬರುವಷ್ಟು ಬರಹಗಳು ನಾಯಿಯ ವಿಷಯವಾಗಿ ಬರುವುದು ಅಪೂರ್ವ. ಕಣದಲ್ಲಿ ರಾಶಿಯಿರುವಾಗ, ಹೊಲದಲ್ಲಿ ಹಂದಿಯ ಕಾಟವಿರುವಾಗ, ಕುರಿಯ ಹಟ್ಟಿಯ ಬಳಿ ಚಿರತೆಯು ಸುಳಿಯುವಾಗ, ರಾತ್ರಿಯೆಲ್ಲ ಕಿವಿಗೊಟ್ಟು ಕುಳಿತಿರತಕ್ಕ ಪ್ರಾಣಿಯು ಇದೊಂದೇ ಆದರೂ, ಅದಕ್ಕೆ ಕಲಿಸಬೇಕಾದದ್ದೊಂದುಂಟೆಂಬ ಯೋಚನೆಯೇ ನಮ್ಮಲ್ಲಿ ಅನೇಕರಿಗೆ ಬಂದಿಲ್ಲ. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವುದರಲ್ಲಿ ತಿಂಗಳುಗಟ್ಟಲೆ ತಾಳ್ಮೆಯನ್ನು ತೋರಿಸುವ ಜಮೀನುದಾರರೇ, ನಾಯಿಮರಿಯ ವಿಷಯದಲ್ಲಿ ಮಾತ್ರ ಸರಪಳಿ ಮತ್ತು ಕೋಲು ಇವೆರಡನ್ನೇ ನಂಬಿಕೊಂಡಿರುವರು. ಈ ಪದ್ಧತಿಯು ನಿಷ್ಕರುಣವಾದದ್ದೆಂಬುದಕ್ಕಿಂತಲೂ ನಿಷ್ಪ್ರಯೋಜಕವಾದದ್ದೆಂಬುದೇ ನನ್ನ ಮುಖ್ಯವಾದ ಆಕ್ಷೇಪಣೆ.

ಊರೂರಿನಲ್ಲಿಯೂ ಕಾಣಬಹುದಾದ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ನಾಯಿಯು ಹಗ್ಗವನ್ನು ಬಿಡಿಸಿಕೊಂಡು ನೆರೆಯವನ ಹೊಲಕ್ಕೆ ನುಗ್ಗುತ್ತದೆ. ಯಜಮಾನನು ಹೆಸರು ಹಿಡಿದು ಕೂಗುತ್ತಾನೆ. ಸ್ವಲ್ಪ ಹೊತ್ತು ಅಲೆದು ಅದು ಬಾಲವಾಡಿಸುತ್ತ ಹಿಂದಿರುಗಿ ಬಂದೊಡನೆ, ಓಡಿಹೋದ ತಪ್ಪಿಗೆಂದು ಅದಕ್ಕೆ ನಾಲ್ಕು ಏಟು ಬೀಳುತ್ತದೆ. ಏಟು ಕೊಟ್ಟವನ ಮನಸ್ಸಿನಲ್ಲಿರುವುದು ಓಡಿಹೋದ ತಪ್ಪು. ಏಟು ತಿಂದದ್ದರ ಅನುಭವಕ್ಕೆ ಬಂದದ್ದಾದರೋ, ಕರೆದಾಗ ಹತ್ತಿರಕ್ಕೆ ಬಂದರೆ ಮೈಗೆ ನೋವಾಗುವುದೆಂಬ ಸಂಗತಿ. ಕಾಲುಗಂಟೆಯ ಹಿಂದೆ ನಡೆದದ್ದಕ್ಕೂ ಈಗ ಬಿದ್ದ ಏಟಿಗೂ ಸಂಬಂಧವನ್ನು ಕಲ್ಪಿಸಿಕೊಳ್ಳುವ ಶಕ್ತಿಯು ಆ ಪ್ರಾಣಿಗಿಲ್ಲ. ತಾನು ಆ ಕ್ಷಣದಲ್ಲಿ ಏನನ್ನು ಮಾಡುತ್ತಿದ್ದಿತೋ ಅದರೊಡನೆಯೇ ಅದು ಫಲವನ್ನು ಜೋಡಿಸಿಕೊಳ್ಳುತ್ತದೆ. ಇಂತಹ ನಾಲ್ಕಾರು ಪಾಠಗಳಾದ ಮೇಲೆ ನಾಯಿಯು ಕರೆದರೆ ಬಾರದು. ಆಗ ಯಜಮಾನನು, ನಾಯಿಯ ಬಾಲ ಡೊಂಕು ಎಂದು ಜಾತಿಯನ್ನೇ ದೂರುತ್ತಾನೆ. ಬಾಲವು ಡೊಂಕಾಗಿರಲಿ, ಅದನ್ನು ನೆಟ್ಟಗೆ ಮಾಡಿ ನಮಗಾಗಬೇಕಾದದ್ದೇನೂ ಇಲ್ಲ.

ಫಲವನ್ನು ನೋಡಿ ಪ್ರಾಣಿಯು ಕಲಿಯುವುದೆಂಬುದು ಕೇವಲ ಊಹೆಯಲ್ಲ. 1898ರಲ್ಲಿ ಅಮೆರಿಕಾ ದೇಶದ ಥಾರ್ನ್‌ಡೈಕ್ ಎಂಬ ಪಂಡಿತನು ಬೆಕ್ಕು, ನಾಯಿ ಮೊದಲಾದವುಗಳನ್ನು ಅಗುಳಿಯಿದ್ದ ಪೆಟ್ಟಿಗೆಗಳಲ್ಲಿಟ್ಟು, ಹೊರಗೆ ಆಹಾರವನ್ನಿರಿಸಿ ಪರೀಕ್ಷೆಮಾಡಿದನು. ಯಾವ ಚೇಷ್ಟೆಯಿಂದ ಬಾಗಿಲು ತೆರೆದು ಆಹಾರವು ದೊರೆಯಿತೋ ಆ ಚೇಷ್ಟೆಯು ಬರಬರುತ್ತ ಬೇಗ ಬೇಗನೆ ನಡೆಯತೊಡಗಿತು. ಫಲ ಕೊಡದ ಚೇಷ್ಟೆಗಳು ತಾವಾಗಿಯೇ ಬಿಟ್ಟುಹೋದುವು. ಅದೇ ದೇಶದ ಸ್ಕಿನ್ನರ್ ಎಂಬಾತನು 1951ರಲ್ಲಿ, ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆದ ಲೇಖನದಲ್ಲಿ, ಟಿಕ್ ಎಂದು ಶಬ್ದಮಾಡುವ ಮಕ್ಕಳ ಆಟಿಕೆಯೊಂದನ್ನು ಉಪಯೋಗಿಸುವಂತೆ ಸೂಚಿಸಿದನು. ಶಬ್ದವಾದೊಡನೆ ತುತ್ತು ದೊರೆಯುವುದೆಂದು ನಾಯಿಯು ಒಮ್ಮೆ ಅರಿತರೆ, ದೂರದಲ್ಲಿರುವಾಗಲೂ ಸರಿಯಾದ ಕ್ಷಣಕ್ಕೆ ಸರಿಯಾಗಿ 'ಇದೇ ಸರಿ' ಎಂದು ಅದಕ್ಕೆ ತಿಳಿಸಬಹುದು. ನಮಗೆ ಆಟಿಕೆಯೇ ಬೇಕೆಂದಿಲ್ಲ. ನಾಲಗೆಯಿಂದ ಲೊಚಗುಟ್ಟಿದರೂ, ಯಾವಾಗಲೂ ಒಂದೇ ದನಿಯಲ್ಲಿ 'ಭಲೆ' ಎಂದರೂ ಸಾಕು.

ಮಾಡಬೇಕಾದ ಕ್ರಮವು ಸುಲಭವಾದದ್ದು. ಮರಿಯನ್ನು ಎಂಟು ವಾರಗಳೊಳಗೆ ತಾಯಿಯಿಂದ ಅಗಲಿಸಬಾರದು. ಮೂರರಿಂದ ಹನ್ನೆರಡು ವಾರಗಳ ಎಳೆತನದಲ್ಲಿ ಅದು ಯಾರನ್ನು, ಏನನ್ನು ಹೆದರಿಕೆಯಿಲ್ಲದೆ ಕಾಣುವುದೋ ಅವುಗಳೊಡನೆ ಮುಂದೆಯೂ ಹೊಂದಿಕೊಂಡಿರುವುದರಿಂದ, ಮನೆಯ ಮಕ್ಕಳು, ಆಳುಗಳು, ದನ, ಕುರಿ, ಗಾಡಿ, ಟ್ರ್ಯಾಕ್ಟರಿನ ಶಬ್ದ ಇವೆಲ್ಲವೂ ಆ ಕಾಲದಲ್ಲಿಯೇ ಪರಿಚಯವಾಗತಕ್ಕದ್ದು. ಪಾಠಕ್ಕೆ ಕಡಲೆಕಾಳಿನ ಗಾತ್ರದ ತುತ್ತುಗಳು ಬೇಕು. ಬೇಯಿಸಿದ ಮೊಟ್ಟೆ, ರೊಟ್ಟಿಯ ಚೂರು, ಮಾಂಸಾಹಾರಿಗಳ ಮನೆಯಲ್ಲಾದರೆ ಬೆಂದ ಈಲಿ, ಯಾವುದಾದರೂ ಆಗಬಹುದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುವುದರಿಂದ ಅವು ಬೆರೆತ ಪಲ್ಯ ಸಾರುಗಳು ಕೂಡದು. ಹೊಟ್ಟೆ ತುಂಬುವುದಕ್ಕೆ ಮುಂಚೆ, ಅಂಗಳದಲ್ಲಿ, ಎರಡು ಹೆಜ್ಜೆಯ ದೂರದಿಂದ 'ಬಾ' ಎನ್ನಬೇಕು. ಬಂದ ಕ್ಷಣದಲ್ಲಿಯೇ 'ಭಲೆ' ಎಂದು ತುತ್ತನ್ನು ಕೊಡಬೇಕು. ಒಂದೆರಡು ವಿಪಲ ತಡವಾದರೂ ಪಾಠವು ಮಸುಕಾಗುತ್ತದೆ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷಕ್ಕೆ ಮೀರದಂತೆ ಹೀಗೆ ನಡೆಸಿ, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ, ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಹೊಲದ ಬದುವಿಗೆ ಹೋಗಬೇಕು. ಮನೆಮಂದಿಯೆಲ್ಲರೂ ಒಂದು ಕೆಲಸಕ್ಕೆ ಒಂದೇ ಮಾತನ್ನು ಬಳಸತಕ್ಕದ್ದು. ಯಜಮಾನನು 'ಬಾ' ಎಂದು, ಮಗನು 'ಇಲ್ಲಿ' ಎಂದು, ಆಳು ಸಿಳ್ಳುಹಾಕಿ ಕರೆದರೆ ನಾಯಿಗೆ ಯಾವುದೂ ತಿಳಿಯದು. ಬಂದ ನಾಯಿಯನ್ನು, ಅದು ಎಷ್ಟು ತಡಮಾಡಿ ಬಂದಿರಲಿ, ಎಂದಿಗೂ ಹೊಡೆಯಕೂಡದು.

ಇದಕ್ಕೆ ಹಿರಿಯರು ಎರಡು ಆಕ್ಷೇಪಣೆಗಳನ್ನು ಹೇಳುವುದುಂಟು. ತುತ್ತಿಗಾಗಿ ಕೆಲಸಮಾಡುವ ನಾಯಿಯು ತುತ್ತಿಲ್ಲದ ದಿನ ಮಾಡೀತೇ ಎಂಬುದು ಮೊದಲನೆಯದು. ಕಲಿಕೆಯು ಗಟ್ಟಿಯಾದ ಮೇಲೆ ಪ್ರತಿಸಲವೂ ಕೊಡಬೇಕಾದದ್ದಿಲ್ಲ. ಒಮ್ಮೆ ಕೊಟ್ಟು, ಎರಡು ಸಲ ಬಿಟ್ಟು, ಮತ್ತೊಮ್ಮೆ ಬೆನ್ನು ಸವರಿದರೆ ಅಭ್ಯಾಸವು ಮೊದಲಿಗಿಂತಲೂ ದೃಢವಾಗುತ್ತದೆ. ಸಂಪೂರ್ಣವಾಗಿ ನಿಲ್ಲಿಸಿದರೆ ಮಾತ್ರ ಕಲಿತದ್ದು ಕ್ರಮೇಣ ಅಳಿಯುತ್ತದೆ. ಕೂಲಿ ಕೊಡದ ಹೊಲದಲ್ಲಿ ಯಾವ ಆಳು ತಾನೇ ನಿಲ್ಲುವನು? ಕಳ್ಳನು ಎಸೆದ ತುತ್ತಿಗೂ ಅದು ಮರುಳಾಗುವುದೆಂಬುದು ಎರಡನೆಯದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನೆಲದ ಮೇಲೆ ಬಿದ್ದದ್ದನ್ನು ಬಿಟ್ಟು ಯಜಮಾನನ ಕೈಯಿಂದಲೇ ತಿನ್ನುವಂತೆ ಅಭ್ಯಾಸಮಾಡಿಸಬಹುದಾದರೂ, ಎಲ್ಲ ನಾಯಿಗಳೂ ಎಲ್ಲ ಸಮಯದಲ್ಲಿಯೂ ಹಾಗೆ ನಡೆದಾವೆಂದು ಹೇಳಲಾಗದು. ಆದರೆ ಏಟು ತಿಂದು ಅರೆಹೊಟ್ಟೆಯಲ್ಲಿರುವ ನಾಯಿಯು ಕಳ್ಳನ ತುತ್ತನ್ನು ಮುಟ್ಟುವುದಿಲ್ಲವೆಂದು ಯಾರು ತಾನೇ ಹೊಣೆಯಾಗುವರು?

ಕೋಲಿನಿಂದಾಗುವ ದೊಡ್ಡ ಅಪಾಯವು ಬೇರೊಂದುಂಟು. ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಗುರುಗುಟ್ಟಿದಾಗಲೆಲ್ಲ ಹೊಡೆದರೆ ಅಡಗುವುದು ಎಚ್ಚರಿಕೆಯೇ ಹೊರತು ಭಯವೂ ಸಿಟ್ಟೂ ಅಲ್ಲ. ಅಂತಹ ನಾಯಿಯು ಒಂದು ದಿನ ಸದ್ದಿಲ್ಲದೆ ಕಚ್ಚುತ್ತದೆ, ಅದೂ ಬಹುಮಟ್ಟಿಗೆ ಮಕ್ಕಳನ್ನು. ಇದಲ್ಲದೆ, ಪ್ರಾಣಿಯನ್ನು ನೋಯುವಂತೆ ಹೊಡೆಯುವುದೂ, ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅನುಚಿತವಾಗಿ ಬಹಳ ಹೊತ್ತು ಕಟ್ಟಿಹಾಕುವುದೂ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಶಾಸನದ ಮೇರೆಗೆ ಅಪರಾಧಗಳೆಂಬುದನ್ನು ಊರಿನ ಮುಖಂಡರು ತಿಳಿದಿರತಕ್ಕದ್ದು.

ನಮ್ಮ ಮುಧೋಳದ ನಾಯಿಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಚಿತ್ರವಾಗಿ ಬಂದ, 2016ರಲ್ಲಿ ಮೀರತ್ತಿನ ಸೇನಾ ಕೇಂದ್ರಕ್ಕೆ ಪರೀಕ್ಷಾರ್ಥವಾಗಿ ಹೋದ ಈ ತಳಿಯ ಅಭಿವೃದ್ಧಿಗಾಗಿ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೇಂದ್ರವೊಂದಿದೆ. ಇದು ಕಣ್ಣಿನಿಂದ ಗುರಿಹಿಡಿದು ಓಡುವ ಜಾತಿ. ಅಪರಿಚಿತರು ಮೈಮುಟ್ಟುವುದನ್ನು ಸಹಿಸದು. ಗದರಿಕೆಗೆ ಬಹು ಬೇಗ ಮುದುಡಿಕೊಳ್ಳುತ್ತದೆ. ಇದನ್ನು ಕೋಲಿನಿಂದ ಪಳಗಿಸಹೊರಟವರಿಗೆ ದಕ್ಕುವುದು ಹೆದರುಪುಕ್ಕಲ ನಾಯಿ ಅಥವಾ ಕಚ್ಚುವ ನಾಯಿ. ಆದರೆ ಇದರ ಮುಂದೆ ಮೊಲವು ಎದ್ದು ಓಡಿದರೆ ಯಾವ ತುತ್ತೂ ಇದನ್ನು ತಡೆಯಲಾರದೆಂಬುದನ್ನು ಮರೆಯಬಾರದು. 1972ರ ವನ್ಯಜೀವಿ ಶಾಸನದಿಂದ ಬೇಟೆಯು ನಿಷಿದ್ಧವಾಗಿರುವುದರಿಂದ ಬಯಲಿನಲ್ಲಿ ಇದನ್ನು ಹಗ್ಗದಲ್ಲಿಯೇ ಹಿಡಿದಿರುವುದು ಕ್ಷೇಮ. ಕೋಳಿಯ ರುಚಿ ಕಂಡ ದೊಡ್ಡ ನಾಯಿಗೂ ಪಾಠಕ್ಕಿಂತ ಗಟ್ಟಿಯಾದ ಬೇಲಿಯೇ ಮೇಲು.

ಊರಿನ ಮುಖಂಡರು ಈ ವಿಷಯಕ್ಕೆ ಗಮನಕೊಡಬೇಕಾದ ಕಾರಣವು ಹುಚ್ಚುನಾಯಿಯ ರೋಗ. ರೋಗಲಕ್ಷಣಗಳು ತೋರಿದ ಮೇಲೆ ಮನುಷ್ಯನು ಬದುಕುವುದು ಇಲ್ಲವೆನ್ನುವಷ್ಟು ವಿರಳ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೋಗವು ಹರಡದೆ ನಿಲ್ಲುವುದೆಂದು ಲೋಕಾರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಆದರೆ ಪಶುವೈದ್ಯರು ಊರಿಗೆ ಬಂದ ದಿನ ನಡೆಯುವುದೇನು? ಮನುಷ್ಯನ ಕೈ ಮೇಲೆದ್ದರೆ ಏಟೆಂದು ತಿಳಿದ ನಾಯಿಗಳೆಲ್ಲವೂ ಕಂಡಕಂಡತ್ತ ಓಡಿಹೋಗುತ್ತವೆ; ಹೆಸರು ಹಿಡಿದು ಕರೆದರೆ ಬರುವಂತಹವು ಮಾತ್ರ ಲಸಿಕೆ ಪಡೆಯುತ್ತವೆ. ಆದಕಾರಣ ಲಸಿಕೆಯ ದಿನಕ್ಕೆ ಒಂದು ತಿಂಗಳು ಮುಂಚಿತವಾಗಿಯೇ, ಕರೆದರೆ ಬರುವುದನ್ನೂ, ಕೊರಳಪಟ್ಟಿಯನ್ನು ಹಿಡಿದರೆ ಸುಮ್ಮನಿರುವುದನ್ನೂ ತುತ್ತು ಕೊಟ್ಟು ಅಭ್ಯಾಸಮಾಡಿಸುವಂತೆ ನಾಯಿ ಸಾಕಿದ ಮನೆಗಳಿಗೆಲ್ಲ ತಿಳಿಸತಕ್ಕದ್ದು. ಮೂರು ತಿಂಗಳು ತುಂಬಿದ ಮರಿಗಳನ್ನೂ ಕರೆತರಬೇಕು. ಚುಚ್ಚುವಾಗ ಮೂತಿಯ ಮುಂದೆ ತುತ್ತನ್ನು ಹಿಡಿದಿದ್ದರೆ ಮುಂದಿನ ವರ್ಷವೂ ನಾಯಿಯು ತಾನಾಗಿಯೇ ಬಂದು ನಿಲ್ಲುತ್ತದೆ. ಇಷ್ಟರ ಮೇಲೂ ಯಾರಿಗಾದರೂ ನಾಯಿ ಕಚ್ಚಿದರೆ, ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷಗಳ ಕಾಲ ತೊಳೆದು, ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು.